ಧಾರವಾಡದ ಕೋಟೆಯೂ ನಮ್ಮೂರ ಹುಡೇವೂ

(ಸಂಘದ ಬೆಳ್ಳಿ ಹಬ್ಬದ ನಿಮಿತ್ತ ಏರ್ಪಡಿಸಿದ್ದ ಉಪನ್ಯಾಸ ಕಾರ್ಯಕ್ರಮದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಒಕ್ಕಲುತನಕ್ಕೆ ನಿಂತವನು. ಭಾಷಣ ಮಾಡಿ ರೂಢಿ ಇಲ್ಲ. ತಪ್ಪಿದರೆ ನಿಮ್ಮ ಮನೆಯ ಹುಡುಗ ಎಂದು ಹೊಟ್ಟೆಗೆ ಹಾಕಿಕೊಳ್ಳಬೇಕು.

ಸಂಘದ ಇಪ್ಪತ್ತೈದು ವರ್ಷಗಳ ಹಾದಿಯನ್ನು ಹಿರಿಯರು ನಿನ್ನೆ ಬಹಳ ಚೆನ್ನಾಗಿ ಹೇಳಿದ್ದಾರೆ. ಅದನ್ನೇ ಮತ್ತೆ ನಾನು ಹೇಳಿದರೆ ಕಟ್ಟಿದ ಬುತ್ತಿಯನ್ನು ಬಿಚ್ಚಿ ಮತ್ತೆ ಕಟ್ಟಿದಂತಾಗುತ್ತದೆ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಪಡೆದು ಬೇರೊಂದು ವಿಷಯ ತೆಗೆದುಕೊಂಡಿದ್ದೇನೆ. ಅದು ಧಾರವಾಡದ ಕೋಟೆ. ಸಂಘಕ್ಕೂ ಕೋಟೆಗೂ ಏನು ಸಂಬಂಧ ಎಂದು ಕೇಳಬಹುದು. ಮೊನ್ನೆ ಕಟ್ಟೆಯ ಮೇಲೆ ಈ ವಿಷಯ ಹೇಳಿದಾಗ ನಮ್ಮ ಕಾಕಾ ಒಬ್ಬರು ಕೇಳಿಯೇ ಬಿಟ್ಟರು: "ಕೋಟಿ ನೋಡಿದ್ರ ಹೊಟ್ಟಿ ತುಂಬತೈತೇನೋ ತಮ್ಮಾ?" ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ಉತ್ತರವನ್ನು ಕೊನೆಯಲ್ಲಿ ಕೊಡುತ್ತೇನೆ.

ಮೊದಲು ನಮ್ಮ ಮನೆಯ ಮಾತು. ನಮ್ಮದು ಮಣ್ಣಿನ ಗೋಡೆಯ ಮಾಳಿಗೆ ಮನೆ. ಮುಂಬಾಗಿಲ ಹೊಸ್ತಿಲ ಮುಂದೆ ಒಂದು ದೊಡ್ಡ ಕಲ್ಲು ಇದೆ. ನಾಲ್ಕೂ ಮಗ್ಗುಲು ಚಂದವಾಗಿ ಕೆತ್ತಿದ್ದು. ಸಣ್ಣವನಿದ್ದಾಗ ಅದರ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದೆ. "ಈ ಕಲ್ಲು ಎಲ್ಲಿದಪ್ಪಾ?" ಎಂದು ಒಮ್ಮೆ ಅಪ್ಪನನ್ನು ಕೇಳಿದ್ದೆ. "ನಿಮ್ಮ ಅಜ್ಜ ಧಾರವಾಡಕ್ಕ ಹತ್ತಿ ಹೇರಿಕೊಂಡು ಹೋದಾಗ, ಬರೂಮುಂದ ಬರೇ ಚಕ್ಕಡಿ ಯಾಕ ಹೊಡಕೊಂಡು ಬರಬೇಕಂತ ಕಿಲ್ಲೇದಾಗ ಬಿದ್ದಿದ್ದ ಕಲ್ಲು ಹಾಕ್ಕೊಂಡು ಬಂದ" ಎಂದರು. ಅಜ್ಜ ಕಳ್ಳನಲ್ಲ. ಬಿದ್ದ ಕಲ್ಲು, ಕೇಳುವವರು ಯಾರೂ ಇರಲಿಲ್ಲ, ತಂದ. ಆ ಕಾಲದಲ್ಲಿ ಎಷ್ಟು ಊರುಗಳ ಎಷ್ಟು ಚಕ್ಕಡಿಗಳು ಹಾಗೆ ಬಂದವೋ ದೇವರಿಗೇ ಗೊತ್ತು.

ಹೋದ ವರ್ಷ ಬ್ಯಾಂಕಿನ ಕೆಲಸಕ್ಕೆ ಧಾರವಾಡಕ್ಕೆ ಹೋದಾಗ ಸಾಹೇಬರು ಊಟದ ನಂತರ ಬನ್ನಿ ಎಂದರು. ಎರಡು ತಾಸು ಖಾಲಿ ಸಿಕ್ಕಿತು. ಅಜ್ಜನ ಕಲ್ಲು ನೆನಪಾಗಿ ಕಿಲ್ಲೆಯ ಕಡೆ ನಡೆದೆ. ಅಲ್ಲಿ ಈಗ ಉಳಿದಿರುವುದು ಮುಖ್ಯವಾಗಿ ಕಲ್ಲಿನ ಬಾಗಿಲು, ಅಲ್ಲಿ ಇಲ್ಲಿ ಗೋಡೆಯ ತುಂಡು, ತುಂಬಿಹೋದ ಕಂದಕದ ಗುರುತು. ಒಳಗೆ ಮನೆ, ಓಣಿ, ರಸ್ತೆ. ಗೋಡೆಯ ಒಂದು ಸಂದಿಯಲ್ಲಿ ಅರಳಿಯ ಸಸಿ ಗೇಣುದ್ದ ಬೆಳೆದು ನಿಂತಿತ್ತು. ಹೊಲದ ಒಡ್ಡಿನಲ್ಲಿ ಅಂಥ ಸಸಿ ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಇಲ್ಲಿ ಎಲ್ಲರೂ ನೋಡಿ ಹೋಗುತ್ತಿದ್ದರು. ನಾನೂ ನೋಡಿ ಬಂದೆ. ಆಮೇಲೆ ಈ ಕೋಟೆ ಯಾರದು, ಹೇಗೆ ಬಿತ್ತು ಎಂದು ಓದತೊಡಗಿದೆ, ತಿಳಿದವರನ್ನು ಕೇಳಿದೆ.

ಕೋಟೆಯ ಕಥೆ

ಸ್ಥಳೀಯರು ಹೇಳುವ ಪ್ರಕಾರ 1403ರಲ್ಲಿ ವಿಜಯನಗರದ ಅರಸರ ಕೈಕೆಳಗೆ ಕಾಡಿನ ಉಸ್ತುವಾರಿ ನೋಡುತ್ತಿದ್ದ ಧಾರರಾವ್ ಎಂಬ ಅಧಿಕಾರಿ ಈ ಕೋಟೆ ಕಟ್ಟಿಸಿದ, ಅವನಿಂದಲೇ ಊರಿಗೆ ಧಾರವಾಡ ಎಂಬ ಹೆಸರು ಬಂತು. ಆದರೆ ಊರಿನ ಹೆಸರು 12ನೇ ಶತಮಾನದ ಶಾಸನದಲ್ಲಿಯೇ ಇದೆ ಎಂದು ಶಾಸನ ಓದುವ ವಿದ್ವಾಂಸರು ಹೇಳುತ್ತಾರೆ. ಅಂದರೆ ಊರು ಕೋಟೆಗಿಂತ ಹಳೆಯದು. ಮಲೆನಾಡು ಮುಗಿದು ಬೆಳವಲ ಶುರುವಾಗುವ ಗಡಿಯಲ್ಲಿ ಧಾರವಾಡ ಇದೆ. ಘಟ್ಟದ ಸರಕು ಇಳಿಯುವುದೂ, ಬೆಳವಲದ ಹತ್ತಿ ಜೋಳ ಏರುವುದೂ ಇದೇ ದಾರಿ. ಇಂಥ ಜಾಗ ಯಾವ ಅರಸನಿಗೆ ಬೇಡ?

1565ರಲ್ಲಿ ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ವಿಜಯನಗರ ಸೋತಿತು. ಆಮೇಲೆ 1573ರ ಸುಮಾರಿಗೆ ವಿಜಾಪುರದ ಮೊದಲನೇ ಅಲಿ ಆದಿಲ್‌ಶಾಹ ಈ ಕೋಟೆಗೆ ಮುತ್ತಿಗೆ ಹಾಕಿದ. ರಾಜಧಾನಿ ಹಾಳಾಗಿ ಎಂಟು ವರ್ಷವಾಗಿದ್ದರೂ ಕೋಟೆ ಕೈಗೆ ಬರಲು ಸುಮಾರು ಆರು ತಿಂಗಳು ಹಿಡಿಯಿತು. 1685ರಲ್ಲಿ ಮೊಗಲರು ಬಂದರು, 1753ರಲ್ಲಿ ಪೇಶವೆಯವರ ಕೈಗೆ ಹೋಯಿತು, 1778ರಲ್ಲಿ ಹೈದರ ಅಲಿ ತೆಗೆದುಕೊಂಡ. ಒಬ್ಬರಾದ ಮೇಲೆ ಒಬ್ಬರು ಬಂದರು. ಆದರೆ ಒಂದು ಮಾತು ಗಮನಿಸಬೇಕು. ಗೆದ್ದು ಬಂದವರು ಗೆದ್ದ ಕೋಟೆಯನ್ನು ಕೆಡವಲಿಲ್ಲ, ದುರಸ್ತಿ ಮಾಡಿಸಿಕೊಂಡೇ ಒಳಗೆ ಕುಳಿತರು. ಕೋಟೆ ಬೇಕಾಗಿದ್ದಷ್ಟು ದಿನ ಅದನ್ನು ನೋಡಿಕೊಳ್ಳುವವರೂ ಇದ್ದರು.

ಈ ಕೋಟೆಯ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ಮುತ್ತಿಗೆ ಟಿಪ್ಪು ಸುಲ್ತಾನರ ಕಾಲದ್ದು. 1790ರ ಸೆಪ್ಟೆಂಬರ್‌ನಲ್ಲಿ ಪರಶುರಾಮ ಭಾವು ಪಟವರ್ಧನರ ಮರಾಠಾ ಸೈನ್ಯ ಬಂದಿಳಿಯಿತು. ಅವರ ಜೊತೆಗೆ ಮುಂಬಯಿಯಿಂದ ಕ್ಯಾಪ್ಟನ್ ಲಿಟಲ್ ಎಂಬ ಇಂಗ್ಲಿಷ್ ಅಧಿಕಾರಿಯ ತುಕಡಿ. ಒಳಗೆ ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್. ಲಿಟಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬಾತ ಇದೆಲ್ಲವನ್ನೂ ಬರೆದಿಟ್ಟು 1794ರಲ್ಲಿ ಪುಸ್ತಕ ಮಾಡಿದ. ಅವನು ಕಂಡದ್ದು ಕೇಳಿದರೆ ನಮಗೆ ನಗು ಬರುತ್ತದೆ. ಮರಾಠಾ ತೋಪಿನವರು ಒಮ್ಮೆ ತೋಪು ಹಾರಿಸಿದರೆ ಮುಗಿಯಿತು, ಎಲ್ಲರೂ ಕೆಳಗೆ ಕುಳಿತು ಹೊಗೆಸೊಪ್ಪು ಸೇದುತ್ತ ಅರ್ಧ ತಾಸು ಹರಟುವುದು. ಮತ್ತೊಮ್ಮೆ ಹಾರಿಸುವುದು, ಮತ್ತೆ ಹರಟೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆಯವರು ಮಾತಾಡಿಕೊಂಡವರಂತೆ ಗುಂಡು ನಿಲ್ಲಿಸುತ್ತಿದ್ದರಂತೆ. ನಮ್ಮ ಕಡೆಯ ಬಿಸಿಲು ಅಂಥದು, ಯುದ್ಧಕ್ಕೂ ಮಧ್ಯಾಹ್ನದ ಸೂಟಿ ಬೇಕು. ರಾತ್ರಿಯಾದರೆ ತೋಪುಗಳನ್ನು ಎಳೆದುಕೊಂಡು ಬಿಡಾರಕ್ಕೆ ಹೋಗುವುದು.

ಆಮೇಲೆ ಕರ್ನಲ್ ಫ್ರೆಡರಿಕ್ ಎಂಬ ಹಿರಿಯ ಅಧಿಕಾರಿ ಹೆಚ್ಚಿನ ದಂಡು ತಂದ. 1791ರ ಫೆಬ್ರವರಿಯಲ್ಲಿ ಮಾಡಿದ ಏರುದಾಳಿ ಸೋತಿತು. ಮಾರ್ಚ್‌ನಲ್ಲಿ ಅವನೇ ತೀರಿಕೊಂಡ. ಕೊನೆಗೆ ಏಪ್ರಿಲ್ ಮೊದಲ ವಾರದಲ್ಲಿ ಕಿಲ್ಲೇದಾರ ಒಪ್ಪಂದ ಮಾಡಿಕೊಂಡು ಕೋಟೆ ಬಿಟ್ಟ. ಒಪ್ಪಂದದ ಪ್ರಕಾರ ಹೊರಬಿದ್ದ ಅವನ ಮೇಲೆ ದಾರಿಯಲ್ಲಿ ಕೈ ಮಾಡಿದರು, ಅವನಿಗೆ ಗಾಯವಾಯಿತು ಎಂಬುದೂ ಇತಿಹಾಸದಲ್ಲಿ ದಾಖಲಾಗಿದೆ. ಅದು ಒಳ್ಳೆಯ ಮಾತಲ್ಲ, ಆದರೂ ನಡೆದದ್ದನ್ನು ಹೇಳಲೇಬೇಕು. ಒಟ್ಟು ಸುಮಾರು 29 ವಾರ. ಇಷ್ಟು ಮಾಡಿದರೂ ಕೋಟೆಯನ್ನು ಬಲದಿಂದ ಏರಲು ಆಗಲಿಲ್ಲ.

ಈಗ ಮುಖ್ಯ ಮಾತು. ಇಷ್ಟು ತಡೆದುಕೊಂಡ ಈ ಕೋಟೆ ಚಿತ್ರದುರ್ಗದ ಹಾಗೆ ಬಂಡೆಯ ಮೇಲೆ ಕಟ್ಟಿದ ಕಲ್ಲಿನ ಕೋಟೆಯಲ್ಲ. ಬಾಗಿಲುಗಳಲ್ಲಿ ಕಲ್ಲು, ಉಳಿದ ಗೋಡೆ ಬಹುಪಾಲು ಮಣ್ಣು. ನಮ್ಮ ಮನೆ ಕಟ್ಟುವ ಮಣ್ಣೇ! ಸುತ್ತ ಆಳವಾದ ಕಂದಕ. ಕಲ್ಲಿನ ಗೋಡೆಗೆ ಗುಂಡು ಬಿದ್ದರೆ ಕಲ್ಲು ಸಿಡಿದು ಬಿರಿಯುತ್ತದೆ. ದಪ್ಪ ಮಣ್ಣಿನ ಗೋಡೆ ಗುಂಡನ್ನು ನುಂಗಿಕೊಳ್ಳುತ್ತದೆ. ಹಗಲು ಬಿದ್ದ ತೂತಿಗೆ ರಾತ್ರಿ ಹತ್ತು ಬುಟ್ಟಿ ಮಣ್ಣು ಮೆತ್ತಿದರೆ ಆಯಿತು. ಮಣ್ಣಿನ ಗೋಡೆಯ ಬಲ ಇರುವುದೇ ಮೆತ್ತುವ ಕೈಯಲ್ಲಿ.

ಹಾಗಾದರೆ ಕೋಟೆ ಬಿದ್ದದ್ದು ಹೇಗೆ? 1818ರ ಹೊತ್ತಿಗೆ ಈ ಸೀಮೆ ಕಂಪನಿ ಸರಕಾರದ ಕೈಗೆ ಬಂತು. 1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಿತು, 1858ರಲ್ಲಿ ನಮ್ಮ ಮಗ್ಗುಲಿನ ನರಗುಂದದಲ್ಲೇ ಬಾಬಾಸಾಹೇಬರ ಬಂಡಾಯವಾಯಿತು. ಕೋಟೆ ಅಂದರೆ ಬಂಡಾಯಗಾರರಿಗೆ ಆಸರೆ ಎಂದು ಸರಕಾರಕ್ಕೆ ಅನ್ನಿಸಿತು. ಧಾರವಾಡದ ಕೋಟೆಯನ್ನು ಒಡೆದು ನಿರುಪಯೋಗಿ ಮಾಡಿದರು. ಆದರೆ ಇಡೀ ಕೋಟೆಯನ್ನು ಅವರು ಕೆಡವಲಿಲ್ಲ, ಅದು ಅವರಿಗೆ ಬೇಕಾಗಿಯೂ ಇರಲಿಲ್ಲ. ಅಲ್ಲಲ್ಲಿ ಒಡೆದು ಬಿಟ್ಟರು. ಅಲ್ಲಿಂದ ಮುಂದೆ ಮಣ್ಣು ಮೆತ್ತುವ ಕೈ ನಿಂತಿತು. ಉಳಿದ ಕೆಲಸವನ್ನು ಮಳೆ ಮಾಡಿತು. ಮಳೆ ಬಿಟ್ಟದ್ದನ್ನು ನಮ್ಮ ಅಜ್ಜಂದಿರ ಚಕ್ಕಡಿ ಮಾಡಿದವು.

ಜೋಪಾನದ ಮಾತು

ಇದನ್ನು ನಾನು ಇಷ್ಟು ಖಾತ್ರಿಯಿಂದ ಹೇಳಲು ಕಾರಣ ನಮ್ಮ ಮನೆಯಲ್ಲೇ ಆಗಿದೆ. ಅಪ್ಪ ಇರುವವರೆಗೆ ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಮಾಳಿಗೆಗೆ ಕರಲು ಮಣ್ಣು ಹಾಕಿ ತುಳಿಸುತ್ತಿದ್ದರು, ದೋಣಿ ಸ್ವಚ್ಛ ಮಾಡಿಸುತ್ತಿದ್ದರು. ಎರಡು ದಿನದ ಕೆಲಸ. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ನಾನು ಮಾಡಲಿಲ್ಲ. ಒಂದು ವರ್ಷ ದುಡ್ಡಿಲ್ಲ, ಇನ್ನೊಂದು ವರ್ಷ ಮೈಗಳ್ಳತನ. ಮೂರನೇ ವರ್ಷ ಹಸ್ತ ಮಳೆಗೆ ರಾತ್ರಿ ಹಿತ್ತಲ ಗೋಡೆ ಕುಳಿತುಬಿಟ್ಟಿತು. ಗೋದಲಿಯಲ್ಲಿ ಕಟ್ಟಿದ್ದ ಎತ್ತು ಸತ್ತಿತು. ಜೋಡಿ ಎತ್ತಿನಲ್ಲಿ ಒಂದು ಹೋದರೆ ಒಕ್ಕಲಿಗನ ಗತಿ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡು ದಿನದ ಕೆಲಸ ಉಳಿಸಲು ಹೋಗಿ ಎರಡು ವರ್ಷದ ಸಾಲ ಮಾಡಿಕೊಂಡೆ. ಆ ಸಾಲ ಇದೇ ಸಂಘದ ಲೆಡ್ಜರಿನಲ್ಲಿದೆ.

ಕೋಟೆಯಾಗಲಿ ಮನೆಯಾಗಲಿ, ಹಳೆಯ ಗೋಡೆಗೆ ವೈರಿಗಳು ಎರಡೇ. ಒಂದು ನೀರು, ಇನ್ನೊಂದು ಬೇರು. ಗೋಡೆಯ ನೆತ್ತಿಯಲ್ಲಿ ಬಿರುಕು ಬಿಟ್ಟರೆ ನೀರು ಒಳಗಿಳಿದು ಮಣ್ಣನ್ನು ಕರಗಿಸುತ್ತದೆ, ಹೊರಗಿನ ಕಲ್ಲು ಉಬ್ಬಿ ಒಂದು ದಿನ ಜಾರುತ್ತದೆ. ಆದ್ದರಿಂದ ಮೊದಲು ನೋಡಬೇಕಾದ್ದು ನೆತ್ತಿಯನ್ನು, ಆಮೇಲೆ ಬುಡದ ಕಾಲುವೆಯನ್ನು. ಬೇರಿನ ಮಾತೂ ಅಷ್ಟೆ. ಹಕ್ಕಿ ಹಣ್ಣು ತಿಂದು ಗೋಡೆಯ ಮೇಲೆ ಹಿಕ್ಕೆ ಹಾಕುತ್ತದೆ, ಅದರಲ್ಲಿ ಅರಳಿ, ಬಸರಿ, ಆಲ ಹುಟ್ಟುತ್ತವೆ. ಬೆರಳುದ್ದ ಇದ್ದಾಗ ಕಿತ್ತರೆ ಚಿವುಟಿದಷ್ಟು ಸುಲಭ. ತೊಡೆಗಾತ್ರವಾದ ಮೇಲೆ ಕೀಳಲು ಹೋದರೆ ಗೋಡೆಯೇ ಬರುತ್ತದೆ. ಆಗ ಮರವನ್ನು ಕಡಿದು, ಬೇರು ಮತ್ತೆ ಚಿಗುರದಂತೆ ಔಷಧ ಹಾಕಿ ಸಾಯಿಸಿ, ಸಂದಿಯನ್ನು ತುಂಬಬೇಕಾಗುತ್ತದೆ. ಅದು ತಿಳಿದವರ ಕೆಲಸ, ಖರ್ಚಿನ ಕೆಲಸ.

ಇನ್ನೊಂದು ತಪ್ಪು ನಾವು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೇವೆ. ಹಳೆಯ ಗುಡಿ, ಹಳೆಯ ಗೋಡೆ ಕಂಡರೆ ಸಿಮೆಂಟು ಮೆತ್ತಿ ಬಣ್ಣ ಬಳಿಯುವುದು. ಹಿಂದಿನವರು ಸುಣ್ಣವನ್ನು ದಿನಗಟ್ಟಲೆ ನೆನೆಹಾಕಿ, ಮರಳು ಕೂಡಿಸಿ, ಗಾಣದ ಕಲ್ಲಿನಲ್ಲಿ ಅರೆದು, ಕೆಲವು ಕಡೆ ಬೆಲ್ಲದ ನೀರು ಹಾಕಿ ಗಚ್ಚು ಮಾಡುತ್ತಿದ್ದರು. ಆ ಗಚ್ಚು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ಮೇಲೆ ಗಟ್ಟಿ ಕಂಡರೂ ಒಳಗೆ ನೀರು ನಿಂತು ಗೋಡೆ ಕೊಳೆಯುತ್ತದೆ. ಕೆಸರಿನ ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು ಬಿಡದಂತೆ ಇದು.

ಬಂಕಾಪುರದಲ್ಲಿ ಕಂಡದ್ದು

ಈ ವರ್ಷ ಮಾಘಮಾಸದಲ್ಲಿ ಖಿಲಾರಿ ಹೋರಿ ನೋಡಲೆಂದು ನಾವು ನಾಲ್ಕು ಮಂದಿ ಹೆದ್ದಾರಿ ಹಿಡಿದು ಶಿಗ್ಗಾಂವಿಯ ಮುಂದೆ ಬಂಕಾಪುರಕ್ಕೆ ಹೋಗಿದ್ದೆವು. ಅಲ್ಲಿಯೂ ಒಂದು ಕೋಟೆ ಇದೆ, ಧಾರವಾಡಕ್ಕಿಂತ ದೊಡ್ಡ ಹೆಸರು. ರಾಷ್ಟ್ರಕೂಟರ ಕಾಲದಲ್ಲಿ, 898ರಲ್ಲಿ, ಲೋಕಾದಿತ್ಯ ಎಂಬ ಸಾಮಂತ ಅಲ್ಲಿ ಆಳುತ್ತಿದ್ದ. ಧಾರವಾಡ ತೆಗೆದುಕೊಂಡ ಅಲಿ ಆದಿಲ್‌ಶಾಹನೇ ಮುಂದೆ ಬಂಕಾಪುರಕ್ಕೂ ಮುತ್ತಿಗೆ ಹಾಕಿದ, ಅದಕ್ಕೆ ಅವನಿಗೆ ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಕೋಟೆಯೊಳಗೆ ಅರವತ್ತು ಕಂಬದ ನಾಗರೇಶ್ವರ ಗುಡಿ ಇದೆ. ಈಗ ಸುತ್ತಲಿನ ನೆಲ ಮೇಲಾಗಿ, ಮೆಟ್ಟಿಲಿಳಿದು ಗುಡಿಗೆ ಹೋಗಬೇಕು.

ನನಗೆ ಹಿಡಿಸಿದ್ದು ಬೇರೆ. ಆ ಕೋಟೆಯ ಒಳಗೆ ಸರಕಾರದ ಖಿಲಾರಿ ತಳಿ ಸಂವರ್ಧನ ಕೇಂದ್ರ ಇದೆ. ದನ ಮೇಯುತ್ತವೆ, ಮೇವು ಬೆಳೆಯುತ್ತಾರೆ, ಕಾಯುವವರು ಇದ್ದಾರೆ. ಕಾಯುವವರು ಇರುವುದರಿಂದ ಗಿಡಗಂಟಿ ಉಳಿದಿದೆ, ಗಿಡಗಂಟಿ ಇರುವುದರಿಂದ ನವಿಲು ಬಂದು ನೆಲೆಸಿವೆ. 2006ರಲ್ಲಿ ಸುಮಾರು 139 ಎಕರೆಯ ಆ ಜಾಗವನ್ನು ನವಿಲುಧಾಮ ಎಂದು ಘೋಷಿಸಿದರು. ಅರಸರು ಹೋದರೂ ಕೋಟೆಗೆ ಒಂದು ಕೆಲಸ ಸಿಕ್ಕಿದೆ. ಅಲ್ಲಿಯೂ ಗೋಡೆ ಬಿದ್ದಿದೆ, ಕಂದಕದಲ್ಲಿ ಮುಳ್ಳುಕಂಟಿ ಇದೆ, ಎಲ್ಲಾ ಸರಿಯಾಗಿದೆ ಎಂದು ನಾನು ಹೇಳುವುದಿಲ್ಲ. ಆದರೆ ಧಾರವಾಡದ ಹಾಗೆ ಗುರುತು ಸಿಗದಂತೆ ಹೋಗಿಲ್ಲ.

ಸರಕಾರದ ಕಾನೂನುಗಳೂ ಇವೆ. ಕೇಂದ್ರದ ಕಾಯ್ದೆ 1958ರದ್ದು, ನಮ್ಮ ರಾಜ್ಯದ್ದು 1961ರದ್ದು. ಕೇಂದ್ರದ ಪುರಾತತ್ವ ಇಲಾಖೆಯ ವಲಯ ಕಚೇರಿ ಧಾರವಾಡದಲ್ಲೇ ಇದೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯಂಥವು ಅವರ ರಕ್ಷಣೆಯಲ್ಲಿವೆ. ಪರಂಪರೆಯನ್ನು ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಎಂದು 1976ರ ತಿದ್ದುಪಡಿಯಲ್ಲಿ ನಮ್ಮ ಸಂವಿಧಾನಕ್ಕೇ ಸೇರಿಸಿದ್ದಾರೆ. ಆದರೆ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಇಲಾಖೆ ನೋಡೀತು. ಪಟ್ಟಿಯಲ್ಲಿ ಇಲ್ಲದ್ದನ್ನು ನೋಡುವವರು ಯಾರು?

ನಮ್ಮೂರ ಹುಡೇವು

ಈಗ ನಾನು ಹೇಳಬೇಕಾದ ಮಾತಿಗೆ ಬಂದೆ. ನಮ್ಮೂರ ಅಗಸಿಯ ಮಗ್ಗುಲಿನ ಹುಡೇವು ಯಾವ ಪಟ್ಟಿಯಲ್ಲೂ ಇಲ್ಲ. ದಂಡು ದಾಳಿಯ ಕಾಲದಲ್ಲಿ ಪೆಂಡಾರಿಗಳು ಬಂದರೆ ದೂರದಿಂದಲೇ ಕಾಣಲಿ ಎಂದು ನಮ್ಮ ಹಿರಿಯರು ಕಟ್ಟಿಕೊಂಡದ್ದು ಎಂದು ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಅದನ್ನು ಯಾವ ರಾಜನೂ ಕಟ್ಟಿಸಲಿಲ್ಲ. ಊರವರು ಮನೆಗೊಂದು ಆಳು ಹಾಕಿ ಕಟ್ಟಿದರು. ಒಂದು ಲೆಕ್ಕದಲ್ಲಿ ಅದೇ ನಮ್ಮೂರ ಮೊದಲ ಸಹಕಾರಿ ಕೆಲಸ. ಆಗ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇದ್ದ, ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದರು ಎಂದು ನಾವು ಹೆಮ್ಮೆಪಡುತ್ತೇವೆ. ಅದಕ್ಕೂ ಮುಂಚೆ ನಮ್ಮವರಿಗೆ ಕೂಡಿ ಮಾಡುವುದು ಗೊತ್ತಿತ್ತು ಎನ್ನಲು ಈ ಹುಡೇವು ಸಾಕ್ಷಿ.

ಹೋದ ವರ್ಷ ಆಡಳಿತ ಮಂಡಳಿ ಒಂದು ಠರಾವು ಮಾಡಿತು. ಹುಡೇವು ಹೇಗೂ ಅರ್ಧ ಬಿದ್ದಿದೆ, ಊರವರ ಒಪ್ಪಿಗೆ ಪಡೆದು ಅದನ್ನು ಕೆಡವಿ ಆ ಜಾಗದಲ್ಲಿ ಹೊಸ ಗೋದಾಮು ಕಟ್ಟುವುದು, ಕಲ್ಲನ್ನು ಬುನಾದಿಗೆ ಹಾಕುವುದು ಎಂದು. ಗೋದಾಮು ಬೇಕು, ಅದರಲ್ಲಿ ಎರಡು ಮಾತಿಲ್ಲ. ಹೋದ ಮಳೆಗಾಲದಲ್ಲಿ ಗೊಬ್ಬರದ ಚೀಲ ನೆನೆದು ಕಲ್ಲಾದದ್ದನ್ನು ನೀವೆಲ್ಲ ನೋಡಿದ್ದೀರಿ. ಆ ಠರಾವಿಗೆ ನಾನೂ ಸಹಿ ಮಾಡಿದ್ದೇನೆ. ಮುಚ್ಚಿಡುವುದಿಲ್ಲ. ಕಲ್ಲಿನ ಖರ್ಚು ಉಳಿಯುತ್ತದೆ ಎಂದು ಮೊದಲು ಹೇಳಿದವನೇ ನಾನು. ಅಜ್ಜನ ಚಕ್ಕಡಿಯ ಬುದ್ಧಿ ಮೊಮ್ಮಗನಿಗೂ ಬಂದಿತ್ತು.

ಧಾರವಾಡ, ಬಂಕಾಪುರ ನೋಡಿ ಬಂದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಜ್ಜ ತಂದ ಕಲ್ಲನ್ನು ತಿರುಗಿ ಕೊಟ್ಟು ಬರೋಣ ಎಂದರೆ ಒಯ್ದು ಎಲ್ಲಿ ಇಡಲಿ? ಅದು ಇದ್ದ ಗೋಡೆಯೇ ಇಲ್ಲ. ನಾಳೆ ನನ್ನ ಮೊಮ್ಮಗ ಗೋದಾಮಿನ ಬುನಾದಿಯಲ್ಲಿ ಹುಡೇವು ಹುಡುಕುವ ಕಾಲ ಬರಬಾರದು.

ಆದ್ದರಿಂದ ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಆ ಠರಾವನ್ನು ತಿದ್ದಬೇಕೆಂದು ನಾನೇ ಸೂಚನೆ ಕೊಡುವವನಿದ್ದೇನೆ. ಗೋದಾಮು ಕಟ್ಟೋಣ, ಸಂಘದ ಕಚೇರಿಯ ಹಿಂದಿನ ಜಾಗದಲ್ಲಿ. ಜಾಗ ಸ್ವಲ್ಪ ಇಕ್ಕಟ್ಟು, ಲಾರಿ ತಿರುಗಲು ಒಂದು ಗೋಡೆ ಸರಿಸಬೇಕು, ಕಲ್ಲಿಗೆ ದುಡ್ಡು ಕೊಡಬೇಕು. ಖರ್ಚು ಹೆಚ್ಚುತ್ತದೆ, ಇಲ್ಲ ಎನ್ನುವುದಿಲ್ಲ. ನನ್ನ ಈ ವರ್ಷದ ಡಿವಿಡೆಂಡ್ ಮತ್ತು ಸಭಾ ಭತ್ತೆಯನ್ನು ಅದಕ್ಕೆ ಬಿಟ್ಟುಕೊಡುತ್ತೇನೆ. ಅದು ಸಣ್ಣ ಮೊತ್ತ, ಆದರೆ ಮೊದಲು ಬಾಯಿ ಬಿಟ್ಟವನು ಮೊದಲು ಕಿಸೆ ಬಿಚ್ಚಬೇಕು.

ಹುಡೇವಿಗೆ ದೊಡ್ಡ ಯೋಜನೆ ಬೇಡ. ಪ್ರತಿ ವರ್ಷ ಕಾರಹುಣ್ಣಿಮೆಗೆ ಮುಂಚೆ ಒಂದು ದಿನ ಮನೆಗೊಂದು ಆಳು. ಸಂದಿಯ ಸಸಿ ಕೀಳುವುದು, ನೆತ್ತಿಗೆ ಮಣ್ಣು ತುಳಿಸುವುದು, ಬುಡದ ನೀರಿಗೆ ದಾರಿ ಮಾಡುವುದು. ಬಿದ್ದ ಕಲ್ಲನ್ನು ಅಲ್ಲೇ ಒಂದು ಕಡೆ ಒಟ್ಟಿ ಇಡುವುದು, ಯಾರೂ ಒಯ್ಯಬಾರದು. ಸಿಮೆಂಟು ಮುಟ್ಟಿಸಬಾರದು. ಉಬ್ಬಿದ ಭಾಗವನ್ನು ಬಿಚ್ಚಿ ಕಟ್ಟುವ ಮುಂಚೆ ಧಾರವಾಡದಲ್ಲಿ ತಿಳಿದವರನ್ನು ಕರೆದು ತೋರಿಸೋಣ. ಶಾಲೆಯ ಮಕ್ಕಳು ಅದರ ಉದ್ದಗಲ ಅಳೆದು, ಫೋಟೋ ತೆಗೆದು ಒಂದು ವಹಿಯಲ್ಲಿ ಅಂಟಿಸಲಿ. ವರ್ಷ ವರ್ಷ ಆ ವಹಿ ನೋಡಿದರೆ ಎಲ್ಲಿ ಬಿರುಕು ಬೆಳೆಯಿತು ಎಂದು ಗೊತ್ತಾಗುತ್ತದೆ. ಸಂಘದ ಲೆಕ್ಕ ತಪಾಸಣೆ ಇದ್ದ ಹಾಗೆ ಹುಡೇವಿಗೂ ವರ್ಷಕ್ಕೊಮ್ಮೆ ತಪಾಸಣೆ.

ಸಂಘದ ಮಾತೂ ಇದೇ. ನಮ್ಮ ಸುತ್ತಲಿನ ಎಷ್ಟೋ ಸಂಘಗಳು ದರೋಡೆಯಿಂದ ಮುಳುಗಲಿಲ್ಲ. ಒಂದು ವರ್ಷದ ಕಟಬಾಕಿಯನ್ನು ಮುಂದಿನ ವರ್ಷ ನೋಡೋಣ ಎಂದು ಬಿಟ್ಟರು. ಅದು ಸಂದಿಯ ಅರಳಿ ಸಸಿ. ಬೆರಳುದ್ದ ಇದ್ದಾಗ ಕೀಳಲಿಲ್ಲ.

ಕಾಕಾ ಅವರ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುತ್ತೇನೆ. ಕಾಕಾ, ಕೋಟಿ ನೋಡಿದ್ರ ಹೊಟ್ಟಿ ತುಂಬೂದಿಲ್ಲರಿ, ಖರೇ ಐತಿ. ಆದರ ಕೋಟಿ ಹೆಂಗ ಬಿತ್ತು ಅನ್ನೋದು ತಿಳಕೊಂಡಿದ್ರ ನನ್ನ ಎತ್ತು ಉಳೀತಿತ್ತರಿ.

ಠರಾವಿನ ವಿಷಯದಲ್ಲಿ ನಿಮ್ಮ ಮನಸ್ಸಿಗೆ ಬಂದದ್ದನ್ನು ಸಭೆಗೆ ಬಂದು ಹೇಳಬೇಕು. ನನ್ನ ಮಾತು ಸರಿ ಎನಿಸದಿದ್ದರೆ ಅದನ್ನೂ ಹೇಳಬೇಕು. ಮನೆಯಲ್ಲಿ ಕುಳಿತು ಹೇಳಿದರೆ ಉಪಯೋಗವಿಲ್ಲ.

ಜೈ ಕರ್ನಾಟಕ. ಜೈ ಸಹಕಾರ.